ಗೋವಾದಾಗ ನೋಡಿದ್ದು, ಊರಾಗ ಹೇಳಿದ್ದು

ನಮ್ಮ ವಾಚನಾಲಯದ ಮಾಸ್ತರು ಈ ಸಲದ ಪುಸ್ತಕಕ್ಕೆ ನನ್ನ ಕಡೆಯಿಂದ ಒಂದು ಲೇಖನ ಬೇಕೆಂದು ದೀಪಾವಳಿಯಿಂದ ಬೆನ್ನು ಹತ್ತಿದ್ದಾರೆ. "ಕಾಕಾ, ನೀವು ಗೋವಾದಿಂದ ಬಂದಾಗೆಲ್ಲ ಆ ಸಿನಿಮಾ ನೋಡ್ರಿ, ಈ ಟೀವಿ ನೋಡ್ರಿ ಅಂತ ಮಂದಿಗೆ ಹೇಳ್ಕೋತ ಬಂದೀರಲ್ಲ, ಅದನ್ನ ಬರೀರಿ. ಅದೂ ನಮ್ಮ ಊರಿನ ಇತಿಹಾಸನ" ಎಂದರು. ನಾನು ಕಲಿತದ್ದು ಏಳನೇ ಇಯತ್ತೆ. ಪದ ಹಾಡು ಅಂದರೆ ರಾತ್ರಿ ಬೆಳಗು ಮಾಡುತ್ತೇನೆ, ಬರಿ ಅಂದರೆ ಕೈ ನಡುಗುತ್ತದೆ. ತಪ್ಪಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಬೇಕು.

ನಮ್ಮ ರೋಣ ತಾಲ್ಲೂಕಿನ ಕಡೆ ಎರಿ ಹೊಲ. ಮಳಿ ಆದರೆ ಬಂಗಾರ, ಆಗದಿದ್ದರೆ ಬಿರುಕು. ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ, ಕಡಲಿ, ಕುಸುಬಿ. ಇವು ಕೈಕೊಟ್ಟ ವರ್ಷ ಊರಿಗೆ ಊರೇ ಗುಳೆ ಏಳುತ್ತಿತ್ತು. ಹೊಳೆಆಲೂರು ಸ್ಟೇಷನ್ನಿನಾಗ ಗಾಡಿ ಹತ್ತಿದರೆ ಗದಗ, ಹುಬ್ಬಳ್ಳಿ. ಅಲ್ಲಿಂದ ಲೋಂಡಾ, ಕ್ಯಾಸಲ್‌ರಾಕ್, ದೂಧಸಾಗರದ ಬಿಳಿ ನೀರು ನೋಡುತ್ತ ಘಟ್ಟ ಇಳಿದು ಮಡಗಾಂವ, ವಾಸ್ಕೋ. ಆಗ ಅದು ಸಣ್ಣ ಗಾಡಿ, ಮೀಟರ್ ಗೇಜು. ನಾನು ಮೊದಲ ಸಲ ಹೋದದ್ದು 1979ರಲ್ಲಿ. ಗೋವಾ ಪೋರ್ಚುಗೀಸರ ಕೈಯಿಂದ ಬಿಡುಗಡೆಯಾಗಿ (1961ರ ಡಿಸೆಂಬರ್ 19) ಇನ್ನೂ ಇಪ್ಪತ್ತು ವರ್ಷ ಆಗಿರಲಿಲ್ಲ. ಎಲ್ಲಿ ನೋಡಿದರೂ ಮನಿ ಕಟ್ಟುವ ಕೆಲಸ, ಬಂದರದ ಕೆಲಸ, ಅದುರಿನ ಕೆಲಸ. ಮಣ್ಣು ಹೊರಾಕ ಮಂದಿ ಬೇಕಾಗಿದ್ದರು. ನಾವು ಹೋದೆವು.

ವಾಸ್ಕೋದ ಬೈನಾ ದಂಡಿಗೆ ತಗಡಿನ ಶೆಡ್ಡುಗಳು. ಒಂದೊಂದರಲ್ಲಿ ಎಂಟು ಮಂದಿ. ಕುಷ್ಟಗಿ, ಬದಾಮಿ, ಸವಣೂರು, ಶಿಗ್ಗಾವಿ, ಎಲ್ಲಾ ಕಡೆಯವರು. ಹಗಲು ಯಾರದೋ ಮನಿಗೆ ಇಟ್ಟಂಗಿ ಹೊರುವುದು, ರಾತ್ರಿ ಸಮುದ್ರದ ಸಪ್ಪಳ ಕೇಳುತ್ತ ಊರು ನೆನೆಸುವುದು. ಬೀದಿಯಲ್ಲಿ ಕೆಲವರು ನಮಗೆ 'ಘಾಂಟಿ' ಅನ್ನುತ್ತಿದ್ದರು. ಘಟ್ಟದ ಮೇಲಿನವ ಎಂಬುದು ಅದರ ಅರ್ಥ, ಅನ್ನುವ ಧಾಟಿ ಮಾತ್ರ ಬೇರೆ.

ಆದಿತ್ಯವಾರ ಒಂದೇ ರಜಾ. ಕೂಲಿ ದಿನಕ್ಕೆ ಏಳು ರೂಪಾಯಿ, ಸಿನಿಮಾದ ಮುಂದಿನ ಬೆಂಚಿನ ತಿಕೀಟು ಒಂದೂವರೆ ರೂಪಾಯಿ. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಈಗಿನ ಹುಡುಗರು ಬೆರಳಿನಿಂದ ಸರಸರ ಸರಿಸಿ ಬೇಕಾದ್ದು ನೋಡುತ್ತಾರೆ, ಸೇರದಿದ್ದರೆ ಮುಂದ. ನಮಗೆ ಒಂದು ಕೆಟ್ಟ ಸಿನಿಮಾ ಅಂದರೆ ಎರಡು ತಾಸಿನ ದುಡಿಮೆ ನೀರಾಗ ಹೋದಂತೆ. ಅದಕ್ಕೇ ಕೇಳಿ ಹೋಗುತ್ತಿದ್ದೆವು. ಕೇಳಬೇಕಾದರೆ ಕುಷ್ಟಗಿ ಕಡೆಯ ಒಬ್ಬ ಹಿರಿಯ ಗೌಂಡಿ ಇದ್ದ, ಅವನ ಕೇಳಬೇಕು. ಅವನಿಗೆ ಅಕ್ಷರ ಬಾರದು. ಆದರೆ ನೋಡಿದ ಸಿನಿಮಾ ಮೊದಲಿಂದ ಹೇಳಿದ ಅಂದರೆ ಕಣ್ಣಿಗೆ ಕಟ್ಟುತ್ತಿತ್ತು.

ಕನ್ನಡ ಸಿನಿಮಾ ಅಲ್ಲಿ ಅಪರೂಪ, ಬಂದರೆ ಬೆಳಗಿನ ಆಟ. ಒಂದು ವಾರ 'ಬಂಗಾರದ ಮನುಷ್ಯ' ಬಂತು. ಅದು 1972ರ ಸಿನಿಮಾ, ಟಿ.ಕೆ. ರಾಮರಾಯರ ಕಾದಂಬರಿ, ಸಿದ್ಧಲಿಂಗಯ್ಯನವರ ನಿರ್ದೇಶನ. ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿದ್ದು ಎಲ್ಲರಿಗೂ ಗೊತ್ತಿದ್ದ ಮಾತು. ಗೌಂಡಿ ಕಾಕಾ ಹಿಂದೆಯೇ ನೋಡಿದ್ದ. ಶನಿವಾರ ರಾತ್ರಿ ಕಂದೀಲಿನ ಮುಂದೆ ಕುಳಿತು ಹೇಳಿದ: ರಾಜಕುಮಾರ ಅಕ್ಕನ ಊರಿಗೆ ಬರ್ತಾನ, ಅಕ್ಕನ ಗಂಡ ಸತ್ತಿರ್ತಾನ, ಮನಿ ಮುಳುಗಿರ್ತದ, ಬರಡು ಭೂಮಿ ಹಿಡಿತಾನ, ಕಲ್ಲು ಒಡಿತಾನ, ನೀರು ತರ್ತಾನ, ಹಸಿರು ಮಾಡ್ತಾನ. "ತಮ್ಮಾ, ನೀ ಇದನ್ನ ನೋಡಾಕಬೇಕು. ನಿನ್ನ ಹೊಲ ಐತಲ್ಲ" ಅಂದ.

ನೋಡಿದೆ. ಮರು ಆದಿತ್ಯವಾರ ಮತ್ತೆ ನೋಡಿದೆ. ಪಡದೆ ಮ್ಯಾಲ ಹೊಲ ಹಸಿರಾದಾಗ ಟಾಕೀಸಿನೊಳಗಿದ್ದ ನಮ್ಮ ಕಡೆಯ ಮಂದಿ ಸೀಟಿ ಹೊಡೆಯಲಿಲ್ಲ, ಸುಮ್ಮನಾದರು. ಎಲ್ಲರಿಗೂ ತಮ್ಮ ತಮ್ಮ ಹೊಲ ಕಂಡಿರಬೇಕು.

ಅವತ್ತಿನಿಂದ ನನ್ನ ತಲೆಯಲ್ಲಿ ಒಂದೇ ಹುಳ. ಬಾಂವಿ ತೋಡಬೇಕು. ನಾಲ್ಕು ವರ್ಷ ಅರ್ಧ ಹೊಟ್ಟೆ ತಿಂದು ರೊಕ್ಕ ಕೂಡಿಸಿದೆ. ಸಾಲದೇ ಬಂದಾಗ ಹೆಂಡತಿಯ ಬೋರಮಾಳ ಒತ್ತಿ ಇಟ್ಟೆ. 1983ರ ಬ್ಯಾಸಿಗಿಯಲ್ಲಿ ಊರಿಗೆ ಬಂದು ಕೆಲಸ ಹಿಡಿದೆವು. ಎರಿ ಮಣ್ಣು ತೆಗೆದೆವು, ಗರಸು ತೆಗೆದೆವು, ಕಲ್ಲು ಸಿಕ್ಕಿತು, ಕಲ್ಲನ್ನೂ ಒಡೆದೆವು. ನಲವತ್ತು ಫೂಟಿಗೆ ನೀರು ಬಂತು. ಮಂದಿ ಹೋ ಅಂದರು. ನಮ್ಮ ಅವ್ವ ಅರಿಷಿಣ ಕುಂಕುಮ ತಂದಳು. ನಾನು ಒಂದು ಬೊಗಸೆ ಎತ್ತಿ ಕುಡಿದೆ.

ಸವುಳು ನೀರು. ಬಾಯಿಗೆ ಇಡಲಿಕ್ಕೆ ಆಗದಂಥ ಸವುಳು.

ಆದರೂ ಆಶೆ. ಮೆಣಸಿನ ಗಿಡಕ್ಕೆ ಬಿಟ್ಟು ನೋಡಿದೆ. ಹದಿನೈದು ದಿವಸದಲ್ಲಿ ಎಲಿ ಸುಟ್ಟು ಕರ್ರಗಾದವು, ನೆಲದ ಮೇಲೆ ಬೆಳ್ಳಗೆ ಉಪ್ಪು ಕೂತಿತು. ನಮ್ಮ ತಾಲ್ಲೂಕಿನ ಬಹಳ ಕಡೆ ನೆಲದೊಳಗಿನ ನೀರು ಹೀಗೇ ಇದೆ, ಇದು ಹಿರಿಯರಿಗೆ ಗೊತ್ತಿದ್ದ ಸಂಗತಿ. ನಾನು ಹಿರಿಯರನ್ನು ಕೇಳಿರಲಿಲ್ಲ, ಸಿನಿಮಾ ಕೇಳಿದ್ದೆ. ಬೋರಮಾಳ ತಿರುಗಿ ಬರಲಿಲ್ಲ. ನಾನು ತಿರುಗಿ ಗೋವಾಕ್ಕೆ ಹೋದೆ, ಈ ಸಲ ಹೆಂಡತಿ ಮಕ್ಕಳನ್ನೂ ಕಟ್ಟಿಕೊಂಡು.

ಗೌಂಡಿ ಕಾಕಾನಿಗೆ ಹೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಸಿನಿಮಾದಾಗ ಕಡೀಕೆ ಅವನೂ ಮನಿ ಬಿಟ್ಟು ಹೋಗ್ತಾನಲ್ಲ, ಅದನ್ನ ನಾ ಹೇಳಿದ್ದಿಲ್ಲ ತಮ್ಮಾ" ಅಂದ. ಅದು ಖರೆ. ನಾನು ಎರಡು ಸಲ ನೋಡಿದ್ದೆ, ಆ ಕೊನೆಯನ್ನೂ ನೋಡಿದ್ದೆ. ಆದರೆ ಮನಸ್ಸಿನಲ್ಲಿ ಉಳಿದದ್ದು ಅವನು ಹೇಳಿದಷ್ಟೇ. ನೋಡಿದ್ದಕ್ಕಿಂತ ಕೇಳಿದ್ದು ಗಟ್ಟಿ ಕೂಡ್ರುತ್ತದೆ ನೋಡ್ರಿ. ಅಂದಿನಿಂದ ನಾನು ಯಾರಿಗೆ ಸಿನಿಮಾ ಹೇಳಿದರೂ ಕಡೆಯತನಕ ಹೇಳುತ್ತೇನೆ. ಕಥಿ ಮೊದಲೇ ಹೇಳಿಬಿಟ್ಟಿರಿ ಅಂತ ಹುಡುಗರು ಸಿಟ್ಟಾಗುತ್ತಾರೆ. ಆಗಲಿ.

ಮುಂದೆ ವಿಡಿಯೋ ಕಾಲ ಬಂತು. ರಾತ್ರಿಗೆ ಬಾಡಿಗಿ ಕೊಟ್ಟು ಟೀವಿ, ವಿಸಿಆರ್ ತರುವುದು. ಮನಿಗೆ ಎರಡು ರೂಪಾಯಿ ಪಟ್ಟಿ. ಡಾಂಬರಿನ ಡ್ರಮ್ಮಿನ ಮೇಲೆ ಟೀವಿ ಇಟ್ಟು, ಉಸುಕಿನಲ್ಲಿ ತಾಡಪಲ್ ಹಾಸಿ ಮೂರು ಸಿನಿಮಾ ಬೆಳಗಿನತನಕ. ಕನ್ನಡ ಕ್ಯಾಸೆಟ್ಟು ಅಲ್ಲಿ ಸಿಗುತ್ತಿರಲಿಲ್ಲ, ಊರಿಗೆ ಹೋದವರು ಹುಬ್ಬಳ್ಳಿಯಿಂದ ತರಬೇಕು. ಯಾವ ಮೂರು ತರಬೇಕು ಎಂಬುದಕ್ಕೆ ಆದ ಜಗಳ ಪಂಚಾಯ್ತಿ ಇಲೆಕ್ಷನ್ನಿಗೂ ಆಗಿಲ್ಲ. ಹುಡುಗರಿಗೆ ಹೊಡೆದಾಟ, ಮುದುಕರಿಗೆ ಪೌರಾಣಿಕ, ಹೆಣ್ಣುಮಕ್ಕಳಿಗೆ ಕಣ್ಣೀರು. ನಾನು ಅಮಾಸಿಗೆ ಭಜನಿ ಹೇಳುವವನು, ಎಲ್ಲರ ಬಾಯಿಗೂ ಬೇಕಾದವನು ಅಂತ ಆರಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ನಾನೊಂದು ಕ್ರಮ ಇಟ್ಟೆ: ಮಕ್ಕಳು ಎಚ್ಚರ ಇರುವಾಗ ಭಕ್ತಿ ಸಿನಿಮಾ, ಆಮೇಲೆ ರಾಜಕುಮಾರ ಇಲ್ಲವೇ ವಿಷ್ಣುವರ್ಧನ, ನಡುರಾತ್ರಿ ದಾಟಿದ ಮೇಲೆ ಹುಡುಗರ ಹಿಂದಿ ಹೊಡೆದಾಟ.

ಹಾಗೆ ಒಂದು ಸಲ 'ಭಕ್ತ ಕುಂಬಾರ' ಹಾಕಿದೆವು. 1974ರದ್ದು, ಗೋರಾ ಕುಂಬಾರನ ಕಥಿ. ವಿಠ್ಠಲನ ಧ್ಯಾನದಲ್ಲಿ ಮೈಮರೆತು ಮಣ್ಣು ತುಳಿಯುತ್ತ ತುಳಿಯುತ್ತ ತನ್ನ ಕೂಸನ್ನೇ ತುಳಿಯುತ್ತಾನೆ. ಆ ಭಾಗ ಬಂದಾಗ ನಮ್ಮ ಹೆಣ್ಣುಮಕ್ಕಳು ಹಾ ಎಂದು ಚೀರಿದರು. ಅವರೆಲ್ಲ ದಿನಾ ಕಟ್ಟಡದ ಕೆಲಸಕ್ಕೆ ಕೂಸು ಕಟ್ಟಿಕೊಂಡು ಹೋಗುವವರು. ಕಾಂಕ್ರೀಟ್ ಕಲಸುವ ಮಿಷನ್ನಿನ ಬದಿಗೇ ಹಳೇ ಸೀರಿ ಹಾಸಿ ಮಲಗಿಸುವವರು. ಮರುದಿನ ಅಡಿಗಿ ಮಾಡುವ ಹೊತ್ತಿನಲ್ಲಿ ಅವರವರೇ ಮಾತಾಡಿಕೊಂಡರು. ಕೈಲೆ ಆಗದ ಒಬ್ಬ ಅಜ್ಜಿಗೆ ಎಲ್ಲರೂ ದಿನಕ್ಕೆ ನಾಕಾಣೆ ಕೊಟ್ಟು ಸಣ್ಣ ಕೂಸುಗಳನ್ನು ಶೆಡ್ಡಿನಲ್ಲೇ ಬಿಟ್ಟು ಹೋಗುವುದು ಎಂದು ಠರಾವು ಮಾಡಿದರು. ಯಾವ ಸಾಹೇಬನೂ ಬಂದು ಹೇಳಿಕೊಟ್ಟಿರಲಿಲ್ಲ. ಆ ಸಿನಿಮಾ ಮಾಡಿದವರಿಗೆ ಹೀಗೊಂದು ಆದದ್ದು ಗೊತ್ತಾಗುವ ದಾರಿಯೇ ಇಲ್ಲ.

'ಮಯೂರ' ಹಾಕಿದ ರಾತ್ರಿಯದೂ ಒಂದು ಮಾತು. 1975ರ ಸಿನಿಮಾ, ದೇವುಡು ನರಸಿಂಹ ಶಾಸ್ತ್ರಿಗಳ ಕಾದಂಬರಿ, ಬನವಾಸಿಯ ಕದಂಬರ ಕಥಿ. ಗೋವಾದ ಸರಕಾರಿ ಬಸ್ಸಿನ ಹೆಸರು ಏನು ಗೊತ್ತೇನ್ರಿ? 'ಕದಂಬ'. 1980ರಲ್ಲಿ ಶುರುವಾದ ಸಾರಿಗಿ, ಹೆಸರು ಇಟ್ಟದ್ದು ಹಳೇ ಕದಂಬ ಅರಸರದು. ಗೋವಾವನ್ನು ಕದಂಬರ ಒಂದು ಶಾಖೆ ಬಹಳ ಕಾಲ ಆಳಿತು. ತಾಂಬ್ಡಿ ಸುರ್ಲದ ಕಾಡಿನೊಳಗೆ ಅವರ ಕಾಲದ ಕಲ್ಲಿನ ಮಹಾದೇವ ಗುಡಿ ಇನ್ನೂ ನಿಂತಿದೆ. ಇದನ್ನೆಲ್ಲ ನನಗೆ ಹೇಳಿದವರು ಅಲ್ಲಿ ಕನ್ನಡ ಶಾಲೆಯಲ್ಲಿದ್ದ ಒಬ್ಬ ಗುರುಗಳು. ಸಿನಿಮಾ ನೋಡಿದ ಮರುದಿನ ನಮ್ಮ ಹುಡುಗನೊಬ್ಬ ಬಸ್ಸಿನಲ್ಲಿ ಕಂಡಕ್ಟರನಿಗೆ "ಇದು ನಮ್ಮ ರಾಜನ ಗಾಡಿ, ತಿಕೀಟು ಯಾಕ ತಗೀಲಿ" ಅಂದನಂತೆ. ಕಂಡಕ್ಟರ ನಕ್ಕು, ರಾಜ ನಿಂದಾದರೂ ಡೀಜೆಲ್ ನಮ್ಮದು ಅಂದನಂತೆ. ಸಿನಿಮಾದಾಗ ಇರುವುದೆಲ್ಲ ಇತಿಹಾಸ ಅಲ್ಲ, ಮಾಸ್ತರ ಮಂದಿ ಇದನ್ನು ಮಕ್ಕಳಿಗೆ ಹೇಳಬೇಕು. ಆದರೂ ಘಾಂಟಿ ಅನಿಸಿಕೊಳ್ಳುವ ಹುಡುಗನಿಗೆ ಆ ಬಸ್ಸಿನ ಹೆಸರು ಓದಲಿಕ್ಕೆ ಬಂದದ್ದು ಸಣ್ಣ ಮಾತಲ್ಲ.

1987ರ ಜನವರಿ 25ರಂದು ಟೀವಿಯಲ್ಲಿ ರಮಾನಂದ ಸಾಗರರ ರಾಮಾಯಣ ಶುರು ಆಯಿತು. ಆದಿತ್ಯವಾರ ಮುಂಜಾನೆ. ಆ ವೇಳೆಗೆ ನಾವು ಬೈನಾ ಬಿಟ್ಟು ಸ್ವಲ್ಪ ದೂರ ಒಬ್ಬ ಕ್ರಿಸ್ತ ಬಾಯಿಯ ಹಿತ್ತಲಿನ ಖೋಲಿಯಲ್ಲಿದ್ದೆವು. ಬಾಯಿಯ ಗಂಡ ಹಡಗಿನ ಮೇಲೆ ಕೆಲಸಕ್ಕಿದ್ದ, ವರ್ಷಕ್ಕೊಮ್ಮೆ ಬರುವವನು. ಅವರ ಮನಿಯಲ್ಲಿ ಟೀವಿ ಇತ್ತು. ಮೊದಲನೇ ವಾರ ನಾವು ಕಿಟಕಿಯ ಹೊರಗೆ ನಿಂತು ನೋಡಿದೆವು. ಎರಡನೇ ವಾರ ಆಕೆ ಬಾಗಿಲು ತೆರೆದು ಪಡಸಾಲೆಯಲ್ಲಿ ಕೂಡ್ರಿಸಿದಳು. ಮೂರನೇ ವಾರಕ್ಕೆ ಇಪ್ಪತ್ತು ಮಂದಿ. ಆಕೆ ಚರ್ಚಿನಿಂದ ಬಂದವಳೇ ನಮ್ಮ ಸಂಗಾಟ ಕುಳಿತು, ನಡುನಡುವೆ ನನ್ನ ಹೆಂಡತಿಯನ್ನು "ಈಗ ಇವ ಯಾಕ ಅಳ್ತಾನ?" ಅಂತ ಕೊಂಕಣಿಯಲ್ಲಿ ಕೇಳುವಳು. ನನ್ನ ಹೆಂಡತಿ ಅರ್ಧ ಕೊಂಕಣಿ, ಅರ್ಧ ಕೈಸನ್ನಿಯಲ್ಲಿ ಹೇಳುವಳು.

ಆ ಬಾಯಿಗೆ ತಿಯಾತ್ರದ ಹುಚ್ಚು. ತಿಯಾತ್ರ ಅಂದರೆ ಗೋವಾದ ನಾಟಕ. 1892ರಲ್ಲಿ ಮುಂಬಯಿಯಲ್ಲಿ ಮೊದಲು ಆಡಿದರು. ನಡುನಡುವೆ ಕಥಿಗೆ ಸಂಬಂಧ ಇಲ್ಲದ ಹಾಡು ಬರುತ್ತವೆ, ಸರಕಾರ, ಸಾಹುಕಾರ, ಪಾದ್ರಿ ಯಾರನ್ನೂ ಬಿಡುವುದಿಲ್ಲ. ನಮ್ಮ ಗೀಗೀ ಮೇಳದವರು ಸವಾಲು ಜವಾಬು ಹಾಡುತ್ತ ಗೌಡರನ್ನು ಚಿವುಟುತ್ತಾರಲ್ಲ, ಹಾಗೇ. ಗೋವಾಕ್ಕೆ ಹೋದವರು ಭಾಷೆ ತಿಳಿಯದಿದ್ದರೂ ಒಂದು ತಿಯಾತ್ರ ನೋಡಿ ಬರ್ರಿ.

ಒಂದು ದಿನ ಆ ಬಾಯಿ ತನ್ನ ಕಾಲದ ಕೊಂಕಣಿ ಸಿನಿಮಾ ಹೇಳಿದಳು. ಕೊಂಕಣಿಯ ಮೊದಲನೇ ಸಿನಿಮಾ ಬಂದದ್ದು 1950ರಲ್ಲಿ. ಆದರೆ ಮಂದಿ ಹುಚ್ಚೆದ್ದು ನೋಡಿದವು ಫ್ರಾಂಕ್ ಫರ್ನಾಂಡರು ಮಾಡಿದ 'ಆಮ್ಚೆಂ ನಶೀಬ್' (1963) ಮತ್ತು 'ನಿರ್ಮೋಣ್' (1966). ನಿರ್ಮೋಣದ ಕಥಿ ಆಕೆ ಹೇಳುವಾಗ ನಾವು ಖೋಲಿಯ ಮುಂದೆ ಶೇಂಗಾ ಸುಲಿಯುತ್ತಿದ್ದೆವು. ಗಂಡ ಹಡಗಿಗೆ ದುಡಿಯಲಿಕ್ಕೆ ಹೋಗುತ್ತಾನೆ, ಹಡಗು ಮುಳುಗಿತು, ಸತ್ತ ಅಂತ ಸುದ್ದಿ. ಹೆಂಡತಿ ಮತ್ತೊಬ್ಬನ ಸಂಗಾಟ ಸಂಸಾರ ಹೂಡುತ್ತಾಳೆ. ಆಮೇಲೆ ಮೊದಲಿನವ ಜೀವಂತ ತಿರುಗಿ ಬರುತ್ತಾನೆ. ಹೇಳುತ್ತ ಹೇಳುತ್ತ ಆ ಬಾಯಿಯ ದನಿ ಒಡೆಯಿತು, ತನ್ನ ಗಂಡನೂ ಹಡಗಿನ ಮೇಲೆಯೇ ಇದ್ದನಲ್ಲ.

ಅಲ್ಲೇ ಕುಳಿತಿದ್ದಳು ನಮ್ಮ ಬದಾಮಿ ಕಡೆಯ ಒಬ್ಬಾಕೆ. ಅವಳ ಗಂಡ ಮುಂಬಯಿಗೆ ಹೋಗಿ ಆರು ವರ್ಷ, ಪತ್ರ ಇಲ್ಲ, ಸುದ್ದಿ ಇಲ್ಲ. ಅವಳನ್ನು ನೋಡಿಕೊಳ್ಳುತ್ತೇನೆ ಎಂದ ಒಬ್ಬ ಒಳ್ಳೇ ಮನುಷ್ಯ ಇದ್ದ, ಅವಳು ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ಆ ಕಥಿ ಕೇಳಿ ಸುಲಿಯುವ ಕೈ ನಿಲ್ಲಿಸಿದಳು. "ತಿರುಗಿ ಬಂದವ ಏನಂದ? ಬಡದನೇನು ಆಕೀನ್ನ?" ಎಂದು ಕೇಳಿದಳು. ನನ್ನ ಹೆಂಡತಿ ಅದನ್ನು ಬಾಯಿಗೆ ತಿಳಿಸಿದಳು. ಬಾಯಿ ತಲೆ ಅಲ್ಲಾಡಿಸಿ, ಅವಳದೇನು ತಪ್ಪು, ನಿರ್ಮೋಣ್ ಅಂದರೆ ಹಣೆಬರಹ ಎಂದಳು. ಆ ಸಿನಿಮಾ ಹಿಂದಿಯಲ್ಲಿ 'ತಕ್ದೀರ್' ಅಂತ 1967ರಲ್ಲಿ ಬಂದಿತ್ತು. ನಾವು ಕ್ಯಾಸೆಟ್ಟು ಹುಡುಕಿ ತಂದು ಹಾಕಿದೆವು. ಅವಳು ಮಾತ್ರ ನೋಡಲಿಕ್ಕೆ ಬರಲಿಲ್ಲ. ಮುಂದಿನ ಉಗಾದಿಗೆ ಆ ಒಳ್ಳೇ ಮನುಷ್ಯನ ಮನಿಗೆ ಹೋದಳು. ಊರಿನವರು ಏನೇನೋ ಅಂದರು. ಸಿನಿಮಾ ನೋಡಿ ಕೆಟ್ಟಳು ಅಂತಲೂ ಅಂದರು. ಅವಳು ಆ ಸಿನಿಮಾ ನೋಡೇ ಇರಲಿಲ್ಲ ಎಂಬುದನ್ನು ಇಲ್ಲಿ ಬರೆದು ಇಡುತ್ತೇನೆ.

ಅದೇ ಕಾಲಕ್ಕೆ ಆದಿತ್ಯವಾರ ಮಧ್ಯಾಹ್ನ ದೂರದರ್ಶನದವರು ಒಂದೊಂದು ವಾರ ಒಂದೊಂದು ಭಾಷೆಯ ಸಿನಿಮಾ ತೋರಿಸುತ್ತಿದ್ದರು. ಬಹಳ ನಿಧಾನ ನಡೆಯುವ ಸಿನಿಮಾ, ಹಾಡಿಲ್ಲ, ಹೊಡೆದಾಟ ಇಲ್ಲ. ಮಂದಿ ಎದ್ದು ಹೋಗುತ್ತಿದ್ದರು. ಹಾಗೆ ಒಂದು ಮಧ್ಯಾಹ್ನ 'ಚೋಮನ ದುಡಿ' ಬಂತು. ಶಿವರಾಮ ಕಾರಂತರ ಕಾದಂಬರಿ, ಬಿ.ವಿ. ಕಾರಂತರು ಮಾಡಿದ್ದು, 1975ರ ಸ್ವರ್ಣ ಕಮಲ ಬಂದದ್ದು. ಉಳುವ ತುಂಡು ಭೂಮಿ ಬೇಕೆಂಬ ಆಶೆ ಇಟ್ಟುಕೊಂಡ ಚೋಮ. ಕುಲದ ಕಾರಣಕ್ಕೆ ಅವನಿಗೆ ಯಾರೂ ಗೇಣಿಗೆ ಕೂಡ ಕೊಡುವುದಿಲ್ಲ. ಸಾಲ ತೀರಿಸಲಿಕ್ಕೆ ಮಕ್ಕಳು ಘಟ್ಟ ಹತ್ತಿ ಕಾಫಿ ತೋಟಕ್ಕೆ ಹೋಗುತ್ತಾರೆ. ನಾವು ಘಟ್ಟ ಇಳಿದವರು, ಅವರು ಹತ್ತಿದವರು, ಇಷ್ಟೇ ಫರಕು. ಮಾತಿನಲ್ಲಿ ಹೇಳಲಾಗದ್ದನ್ನು ಅವನು ದುಡಿಯಲ್ಲಿ ಬಾರಿಸುತ್ತಾನೆ. ವಾಸುದೇವರಾಯರ ಆ ಪಾತ್ರ ನೋಡಿ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ದಮಡಿ ತೆಗೆದು ಸಮುದ್ರದ ದಂಡಿಗೆ ಹೋಗಿ ಕುಳಿತೆ. ನನ್ನ ಹತ್ತಿರ ಹೊಲ ಇತ್ತು, ಸವುಳು ಬಾಂವಿಯಾದರೂ ಇತ್ತು. ಚೋಮನಿಗೆ ಅದೂ ಇರಲಿಲ್ಲ. ನಮ್ಮ ಊರಲ್ಲೂ ಅಂಥ ಕೇರಿ ಇದೆ, ಅವರ ಹಲಗಿ ಇಲ್ಲದೆ ನಮ್ಮ ಜಾತ್ರಿ ಏಳುವುದಿಲ್ಲ. ಅವರನ್ನು ಗುಡಿಯ ಯಾವ ಮೆಟ್ಟಿಲತನಕ ಬಿಡುತ್ತಿದ್ದೆವು ಎಂಬುದು ಹಿರಿಯರಿಗೆಲ್ಲ ನೆನಪಿರಬೇಕು. 'ಚೋಮನ ದುಡಿ'ಯನ್ನು ಊರವರೆಲ್ಲ ಕೂಡಿ, ಕೇರಿಯವರನ್ನು ಬದಿಗೇ ಕೂಡ್ರಿಸಿಕೊಂಡು ನೋಡಬೇಕು ಎಂದು ನಾನು ಹೇಳುತ್ತಲೇ ಬಂದಿದ್ದೇನೆ. ಮೊದಲ ಸಲ ಹೇಳಿದಾಗ ಇಬ್ಬರು ಹಿರಿಯರು ನನ್ನ ಸಂಗಾಟ ಮಾತು ಬಿಟ್ಟರು.

ಈಗ ನನ್ನ ಹೊಟ್ಟೆಯೊಳಗಿನ ಸಂಕಟ. 1990ರಲ್ಲಿ 'ಸಂತ ಶಿಶುನಾಳ ಶರೀಫ' ಸಿನಿಮಾ ಬಂತು. ನಾಗಾಭರಣರ ನಿರ್ದೇಶನ, ಶ್ರೀಧರ ಶರೀಫ, ಗಿರೀಶ ಕಾರ್ನಾಡರು ಗೋವಿಂದಭಟ್ಟರು. ಸಂಗೀತ ಸಿ. ಅಶ್ವತ್ಥರದು. ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ಬಂತು, ಬರಲೇಬೇಕು. ಸಿನಿಮಾ ನೋಡಿ ನಾನು ಎದ್ದು ನಿಂತು ಕೈಮುಗಿದೆ. ಶರೀಫ ಸಾಹೇಬರು 1889ರಲ್ಲಿ ಹೋದವರು. ಅವರ ಪದ ನನಗೆ ಬಂದದ್ದು ನನ್ನ ಗುರುವಿನಿಂದ, ಅವರಿಗೆ ಅವರ ಗುರುವಿನಿಂದ. ಕೊರಳಿಂದ ಕೊರಳಿಗೆ. ಧಾಟಿಯೂ ಹಾಗೇ ಬಂದದ್ದು. ಒಂದು ಸಾಲಿಗೆ ಎಲ್ಲಿ ಉಸಿರು ತಗೋಬೇಕು, ಎಲ್ಲಿ ತಾಳ ಬಿಟ್ಟು ಹಿಡಿಯಬೇಕು ಎಂಬುದಕ್ಕೆ ನನ್ನ ಗುರು ನನ್ನ ತಲೆಗೆ ತಾಳದಿಂದ ಬಡಿದ ಗುರುತು ಇನ್ನೂ ಇದೆ.

ಸಿನಿಮಾ ಬಂದ ಮುಂದಿನ ಶ್ರಾವಣ. ವಾಸ್ಕೋದಲ್ಲೇ ಭಜನಿ. ನಾನು ಏಕತಾರಿ ಹಿಡಿದು ಶರೀಫರ ಪದ ಎತ್ತಿದೆ. ಎರಡು ಸಾಲು ಆಗಿರಲಿಲ್ಲ, ಹಿಂದಿನಿಂದ ಒಬ್ಬ ಹುಡುಗ, "ಕಾಕಾ, ಧಾಟಿ ತಪ್ಪೇತಿ!" ಅಂದ. ಎಲ್ಲರೂ ನಕ್ಕರು. ಅವನು ಕ್ಯಾಸೆಟ್ಟಿನ ಧಾಟಿಯಲ್ಲಿ ಹಾಡಿ ತೋರಿಸಿದ. ಚಲೋ ಹಾಡಿದ. ಮಂದಿ ಅದನ್ನೇ ಹಿಡಿದರು. ನಾನೂ ತಾಳ ಹಾಕಿದೆ, ಏನು ಮಾಡಲಿ.

ಈ ಸಿನಿಮಾ ನೋಡ್ರಿ ಎಂದು ನಮ್ಮ ಊರಿಗೆಲ್ಲ ಹೇಳಿದವನು ನಾನೇ. ಅಶ್ವತ್ಥರ ಮೇಲೆ ನನಗೆ ಸಿಟ್ಟಿಲ್ಲ. ಶರೀಫರ ಹೆಸರು ಕೇಳದ ಮನಿಗೆ ಅವರು ಪದ ಮುಟ್ಟಿಸಿದರು. ನನ್ನಂಥ ಸಾವಿರ ಮಂದಿ ಊರೂರು ತಿರುಗಿದ್ದರೂ ಅಷ್ಟು ದೂರ ಮುಟ್ಟುತ್ತಿರಲಿಲ್ಲ. ಆದರೆ ಊರಿಗೊಂದು ಧಾಟಿ ಇದ್ದದ್ದು ಹೋಗಿ ಎಲ್ಲ ಊರಿಗೂ ಒಂದೇ ಧಾಟಿ ಆಯಿತು. ಇದು ಲಾಭವೋ ಲುಕ್ಸಾನೋ, ಮೂವತ್ತು ವರ್ಷದಿಂದ ಲೆಕ್ಕ ಹಾಕುತ್ತಿದ್ದೇನೆ, ತಾಳೆ ಆಗುತ್ತಿಲ್ಲ. ಈಗ ಸರಿಗಮಪದಲ್ಲಿ ಹಾವೇರಿ ಜಿಲ್ಲೆಯ ಕುರಿ ಕಾಯುವ ಹುಡುಗ ಹನುಮಂತ ಹಾಡಿದಾಗ ನಮ್ಮ ಮಂದಿಯೆಲ್ಲ ಟೀವಿ ಮುಂದೆ ಕುಳಿತರು, ನಾನೂ ಕುಳಿತೆ, ಸಂತೋಷಪಟ್ಟೆ. ಅವನ ಕೊರಳಲ್ಲಿ ಹೊಲದ ದನಿ ಇದೆ. ಅವನು ಜನಪದ ಬಿಟ್ಟು ಸಿನಿಮಾ ಹಾಡು ಹಾಡಿದ ವಾರ ಮಾತ್ರ ನಾನು ಎದ್ದು ದನಕ್ಕೆ ನೀರು ಕುಡಿಸಲಿಕ್ಕೆ ಹೋದೆ.

2004ರ ವರ್ಷವನ್ನು ಬರೆಯದೆ ಬಿಡಬಾರದು. ಆ ವರ್ಷ ಜೂನ್ ತಿಂಗಳಲ್ಲಿ, ಮಳಿಗಾಲ ಹಿಡಿದ ಹೊತ್ತಿನಲ್ಲಿ, ಬೈನಾ ದಂಡಿಯ ಮನಿಗಳನ್ನು ಕೆಡವಿದರು. ನಾವು ವಿಡಿಯೋ ಹಾಕುತ್ತಿದ್ದ ಜಾಗವೂ ಅದರಲ್ಲೇ ಹೋಯಿತು. ತಗಡು, ಪಾತ್ರಿ, ಮಕ್ಕಳ ಪಾಟಿಚೀಲ ಮಳಿಯಾಗ. ಅದೇ ವರ್ಷ ನವೆಂಬರ್ ಕೊನೆಗೆ ಪಣಜಿಯಲ್ಲಿ ಮೊದಲ ಸಲ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ. ಅಂದಿನಿಂದ ಅದು ಗೋವಾದಲ್ಲೇ ನಡೆಯುತ್ತಿದೆ. ಅದರ ಸಲುವಾಗಿ ಹಳೇ ವೈದ್ಯಕೀಯ ಕಾಲೇಜಿನ ಕಟ್ಟಡ ಹಸನು ಮಾಡಿದರು, ಬದಿಗೆ ಹೊಸ ಸಿನಿಮಾ ಮಂದಿರ ಎಬ್ಬಿಸಿದರು, ಮಾಂಡವಿ ನದಿಯ ದಂಡಿಗುಂಟ ಫರಸಿ ಹಾಸಿದರು. ಹಾಸಿದವರಲ್ಲಿ ನಾನೂ ಒಬ್ಬ. ಉತ್ಸವದ ದಿನ ದೀಪ ಹಚ್ಚಿದಾಗ ನಾವು ಹಾಸಿದ ಫರಸಿಯ ಮೇಲೆ ನಿಂತು ನೋಡಿದೆವು. ಒಳಗೆ ಹೋಗಲಿಕ್ಕೆ ಕೊರಳಲ್ಲಿ ಕಾರ್ಡು ಬೇಕು. ಯಾವ ಯಾವ ದೇಶದ ಸಿನಿಮಾ ಬಂದಿದ್ದವೋ ಏನೋ. ಕಾರ್ಡು ಹಾಕಿಕೊಂಡ ಒಬ್ಬ ಕನ್ನಡದ ಹುಡುಗ ಚಹಾ ಕುಡಿಯಲಿಕ್ಕೆ ಹೊರಗೆ ಬಂದಿದ್ದ. ನಮ್ಮ ಮಾತು ಕೇಳಿ ನಿಂತ. "ಒಳಗ ಏನು ನೋಡಿದ್ರಿ, ಹೇಳ್ರಿ" ಎಂದೆ. ಅವನು ಅರ್ಧ ತಾಸು ನಿಂತು ಇರಾನ್ ದೇಶದ ಒಂದು ಕಥಿ ಪೂರಾ ಹೇಳಿದ. ಗೌಂಡಿ ಕಾಕಾ ಇದ್ದಿದ್ದರೆ ಮೆಚ್ಚುತ್ತಿದ್ದ.

ಮರುವರ್ಷ ನಾನು ಗೋವಾ ಬಿಟ್ಟೆ. ಹೊಲದಲ್ಲಿ ಈಗ ಕೃಷಿ ಹೊಂಡ ಇದೆ, ಮಳಿ ನೀರು ನಿಲ್ಲುತ್ತದೆ, ಕಡಲಿಗೆ ಒಂದು ನೀರು ಕೊಡಲು ಸಾಕು. ಆ ಬಾಂವಿಯ ಮೇಲೆ ಚಪ್ಪಡಿ ಎಳೆದಿದ್ದೇವೆ. ಮಗ ಮಾತ್ರ ಗೋವಾದಲ್ಲೇ ಉಳಿದ. 2020ರಲ್ಲಿ ಕರೋನಾ ಬಂದು ಎಲ್ಲಾ ಬಂದ್ ಆದಾಗ ಅವನೂ ಅವನ ಹೆಂಡತಿ ಮಕ್ಕಳೂ ಬಹಳ ಕಷ್ಟಪಟ್ಟು ಊರು ಮುಟ್ಟಿದರು. ಆ ವೇಳೆಗೆ ಸರಿಯಾಗಿ ಟೀವಿಯಲ್ಲಿ ಅದೇ ರಾಮಾಯಣ ಮತ್ತೆ ಹಾಕಿದ್ದರು. ಶಾಲೆಯಲ್ಲಿ ಹದಿನಾಲ್ಕು ದಿನ ಇಟ್ಟಾಗ ಅವರು ಫೋನಿನಲ್ಲಿ ಅದನ್ನೇ ನೋಡಿದರು. ನನ್ನ ಹೆಂಡತಿ ಗೇಟಿನ ಹೊರಗೆ ರೊಟ್ಟಿ ಗಂಟು ಇಟ್ಟು ಮೊಮ್ಮಗಳಿಗೆ, "ಈಗ ಯಾವ ಭಾಗ ನಡದೈತಿ?" ಎಂದು ಕೂಗಿ ಕೇಳಿದಳು. ಅದು ಕೊಂಕಣಿಯಲ್ಲಿ ಉತ್ತರ ಕೊಟ್ಟಿತು.

ಹೋದ ವರ್ಷದಿಂದ ವಾಚನಾಲಯದಲ್ಲಿ ತಿಂಗಳಿಗೊಮ್ಮೆ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಸಿನಿಮಾ ತೋರಿಸುತ್ತಿದ್ದೇವೆ. ಮೊದಲನೆಯದು ಗಿರೀಶ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್'. ವೈದೇಹಿಯವರ ಕಥಿ. ಯಾರು ನೋಡುತ್ತಾರೆ ಇದನ್ನ ಎಂದು ಮಾಸ್ತರು ಅಂಜಿದ್ದರು. ನಾನು ಓಣಿ ಓಣಿಗೆ ಹೋಗಿ "ಪುಟ್ಟಕ್ಕ ಅದಾಳ್ರಿ ಅದರಾಗ" ಎಂದೆ. ಧಾರಾವಾಹಿಯ ಪುಟ್ಟಕ್ಕ, ತೇರದಾಳದಿಂದ ಆರಿಸಿ ಬಂದು ಮಂತ್ರಿಯಾಗಿದ್ದ ಉಮಾಶ್ರೀಯವರೇ ಅದರಲ್ಲಿ ಗುಲಾಬಿ, ರಾಷ್ಟ್ರಪ್ರಶಸ್ತಿ ಬಂದ ಪಾತ್ರ. ಹೆಣ್ಣುಮಕ್ಕಳು ತುಂಬಿ ಬಂದರು. ಮೀನುಗಾರರ ಊರಲ್ಲಿ ಸೂಲಗಿತ್ತಿ ಗುಲಾಬಿ, ಗಂಡ ಬಿಟ್ಟವಳು, ಸಿನಿಮಾ ಅಂದರೆ ಪ್ರಾಣ. ಬಾಣಂತನ ಮಾಡಿದ್ದಕ್ಕೆ ಅವಳಿಗೆ ಟೀವಿ, ದೊಡ್ಡ ಛತ್ರಿ ಉಡುಗೊರೆ ಬರುತ್ತದೆ. ಅವಳ ಗುಡಿಸಲಿನಲ್ಲಿ ಓಣಿಯ ಹೆಂಗಸರೆಲ್ಲ ಕೂಡುತ್ತಾರೆ. ಆಮೇಲೆ ಹೊರಗಿನ ಜಾತಿ ಧರ್ಮದ ಜಗಳ ಒಳಗೆ ಬಂದು, ಅದೇ ಗುಲಾಬಿ ಊರು ಬಿಡಬೇಕಾಗುತ್ತದೆ. ಸಿನಿಮಾ ಮುಗಿದ ಮೇಲೆ ನನ್ನ ಹೆಂಡತಿ ಬಹಳ ಹೊತ್ತು ಎದ್ದಿರಲಿಲ್ಲ. "ಆ ಬಾಯಿ ಈಗ ಹೆಂಗದಾಳೋ" ಅಂದಳು. ಗೋವಾದ ಆ ಪಡಸಾಲೆಯ ಬಾಯಿ. ಆಕೆ ನಮ್ಮ ಮುಂದೆ 'ಘಾಂಟಿ' ಅಂದದ್ದೂ ಉಂಟು, ತನ್ನ ಕುರ್ಚಿ ಬಿಟ್ಟು ನನ್ನ ಹೆಂಡತಿಯ ಬದಿಗೆ ಚಾಪೆಯ ಮೇಲೆ ಕುಳಿತದ್ದೂ ಉಂಟು.

ಬರುವ ಅಮಾಸಿಗೆ ಕಾಸರವಳ್ಳಿಯವರದೇ 'ತಬರನ ಕಥೆ'. ಪಿಂಚಣಿ ಕಾಗದಕ್ಕೆ ಕಚೇರಿ ಅಲೆದು ಅಲೆದು ಹೆಂಡತಿಯನ್ನು ಕಳೆದುಕೊಂಡ ಮುದುಕನ ಕಥಿ. ಸಂಧ್ಯಾ ಸುರಕ್ಷಾ ಪಗಾರಕ್ಕೆ ಅರ್ಜಿ ಹಾಕಿ ಕುಳಿತವರು ತಪ್ಪದೆ ಬರ್ರಿ. ಅದರ ಮುಂದಿನ ತಿಂಗಳು 'ಬಂಗಾರದ ಮನುಷ್ಯ' ಇಡಬೇಕು ಎಂದು ಹುಡುಗರ ಒತ್ತಾಯ. ನನ್ನ ಹೆಂಡತಿಯನ್ನು ಕೇಳಿದರು. "ನೋಡ್ರಿ, ಚಲೋ ಐತಿ. ಬಾಂವಿ ಮಾತ್ರ ತೋಡಬ್ಯಾಡ್ರಿ" ಎಂದಳು.

ಜಮಖಾನಿ ಕಡಿಮೆ ಇವೆ, ಮನಿಯಿಂದ ಒಂದೊಂದು ತರಬೇಕು. ಸಿನಿಮಾ ಮುಗಿದ ಮೇಲೆ ನಾನು ಶರೀಫರ ಒಂದು ಪದ ಹೇಳುತ್ತೇನೆ, ಮೊದಲು ಕ್ಯಾಸೆಟ್ಟಿನ ಧಾಟಿ, ಆಮೇಲೆ ನನ್ನ ಗುರುವಿನ ಧಾಟಿ. ಎರಡನ್ನೂ ಕೇಳಿ ಹೋಗ್ರಿ.